ಕ್ಯಾಸೆಟ್ಟಿಗೆ ಸೀಟಿ ಯಾರು ಊದ್ತಾರ?

ನಮ್ಮ ಮನೆಯಲ್ಲಿ ಯಾವ ಹಾಡೂ ಮುಗಿಯುತ್ತಿರಲಿಲ್ಲ. ಕೇಳಿದವರು ಇದನ್ನು ಕಾವ್ಯ ಅಂದುಕೊಳ್ಳುತ್ತಾರೆ, ನನ್ನದು ತಕರಾರು. ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಅಬ್ಬಾ ಮದುವೆಯ ಬ್ಯಾಂಡ್ ಕಂಪನಿ ನಡೆಸುತ್ತಿದ್ದರು. ಊದುವ ಬಾಜಾ, ಬಡಿಯುವ ಡೋಲು, ಜರಿ ಹಚ್ಚಿದ ಕೆಂಪು ಕೋಟು ಎಲ್ಲವೂ ನಮ್ಮ ಪಡಸಾಲೆಯಲ್ಲೇ ವಾಸ. ಕಂಪನಿಗೆ ಅಬ್ಬಾ ಮಾಸ್ತರು. ಅವರ ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಒಂದು ಸೀಟಿ. ಅದು ಒಮ್ಮೆ ಕೂಗಿದರೆ ಬ್ಯಾಂಡು ಗಪ್ ಆಗಬೇಕು, ಎರಡು ಸಲ ಕೂಗಿದರೆ ಹೊಸ ಹಾಡು ಎತ್ತಬೇಕು. ಮದುಮಗನ ಮೆರವಣಿಗೆ ಹನುಮಪ್ಪನ ಗುಡಿಯಿಂದ ಹೊರಟು ಹಂದರ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಏನೇನು ಬರುತ್ತಿತ್ತು! ಮಸೀದಿ ಎದುರಾದರೆ ಒಂದು ಸೀಟಿ, ಸಾವಾದ ಮನೆಯ ಮುಂದೆ ಒಂದು ಸೀಟಿ, ಕುದುರೆ ಬೆದರಿದರೆ ಒಂದು, ಹಿಂದಿನಿಂದ ಬಸ್ಸಿನವನು ಹಾರ್ನ್ ಒತ್ತಿದರೆ ಒಂದು, ಅಕ್ಕಿಕಾಳು ಹಾಕುವ ಮುಹೂರ್ತದ ಹೊತ್ತಾಯಿತೆಂದು ಹಿರಿಯರು ಕೈ ಎತ್ತಿದರೆ ಮತ್ತೊಂದು. ಹಾಡು ಎಲ್ಲಿರುತ್ತದೋ ಅಲ್ಲೇ ಕಡಿದು ಬೀಳುತ್ತಿತ್ತು. ಎಷ್ಟೋ ಹಾಡುಗಳ ತಲೆ ನಮಗೆ ಬಾಯಿಪಾಠ, ಬಾಲ ಹೇಗಿರುತ್ತದೆಂದು ಕಂಡವರಿಲ್ಲ. ಹುಡುಗನಾಗಿದ್ದಾಗ ನಾನು ಅಬ್ಬಾನನ್ನು ಕೇಳಿದ್ದೆ, ಹಾಡು ಪೂರ್ತಿ ಯಾಕೆ ಕಲಿಸುವುದಿಲ್ಲ ಅಂತ.

"ಮುಂದಿಂದು ಕಲಿತು ಏನ್ ಮಾಡಾವ ಅದೀ? ಅಷ್ಟು ದೂರ ಯಾವ ಓಣಿನೂ ಇಲ್ಲ."

ಹಾಡಷ್ಟೇ ಅಲ್ಲ, ಆ ಮನೆಯಲ್ಲಿ ಊಟವೂ ಮುಗಿಯುತ್ತಿರಲಿಲ್ಲ, ಜಗಳವೂ ಮುಗಿಯುತ್ತಿರಲಿಲ್ಲ. ಮದುವೆ ಹಂಗಾಮಿನಲ್ಲಿ ಬಾಜಾದವರು ಮುಂಡರಗಿಯಿಂದ ಕೆಲವರು, ಶಿರಹಟ್ಟಿಯಿಂದ ಕೆಲವರು ಬಂದಿಳಿದು ನಮ್ಮಲ್ಲೇ ಊಟಕ್ಕೆ ಕೂರುತ್ತಿದ್ದರು. ಒಬ್ಬರು ಕೈ ತೊಳೆಯುವಾಗ ಇನ್ನೊಬ್ಬರಿಗೆ ರೊಟ್ಟಿ ಬಡಿಯುವ ಸದ್ದು. ಬಾಜಾಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ನಮ್ಮ ಪದ್ಧತಿ. ಹಾಗಾಗಿ ಆ ತಿಂಗಳುಗಳಲ್ಲಿ ಮನೆಯ ಹುಣಸೆಹಣ್ಣೆಲ್ಲ ಹಿತ್ತಾಳೆಯ ಪಾಲಾಗಿ, ಸಾರಿಗೆ ಹುಳಿಯೇ ಇರುತ್ತಿರಲಿಲ್ಲ. ಬ್ಯಾಂಡಿನ ಕೋಟುಗಳನ್ನು ಅಮ್ಮನ ಬಟ್ಟೆಯ ಜೊತೆಗೇ ಹಗ್ಗಕ್ಕೆ ಹಾಕಿ, ಅವುಗಳ ಬಣ್ಣ ಇಳಿದು, ಅಮ್ಮ ನಮಾಜಿಗೆ ಹೊದೆಯುವ ಬಿಳಿ ದುಪ್ಪಟಾ ಗುಲಾಬಿಯಾಗಿತ್ತು. ಅದರ ಮೇಲಿನ ಜಗಳ ನಾನು ಮೀಸೆ ಬಂದವನಾಗುವವರೆಗೂ ನಡೆದಿತ್ತು. ಮನೆಯಲ್ಲಿ ನಮ್ಮದು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಮಾತ್ರ ಪೂರ್ತಿ ಕನ್ನಡ. ಅದಕ್ಕೇ ನನಗೆ ನೆನಪಿರುವ ಅಮ್ಮನ ಮಾತೆಲ್ಲ ಕನ್ನಡದಲ್ಲೇ ಇವೆ.

"ಬಾಜಾ ಹೊಳಿಯಾಕ ಹತ್ಯಾವ, ನಾಲಿಗಿ ಸಪ್ಪಗಾಗೇತಿ. ಈ ಮನ್ಯಾಗ ಮುಗಿಯೂದು ಬರೇ ಎಣ್ಣಿ ಒಂದ ನೋಡ್ರಿ."

ಅಬ್ಬಾ ತಾವೇ ಟ್ರಂಪೆಟ್ ಊದುತ್ತಿದ್ದವರು. ಮುಂದಿನ ಹಲ್ಲು ಉದುರಿದ ಮೇಲೆ ಗಾಳಿ ನಿಲ್ಲದಾಗಿ, ಟ್ರಂಪೆಟ್ ನನ್ನ ಕೈಗೆ ಬಂತು. ಕೈಗೆ ಬಂದದ್ದು ಟ್ರಂಪೆಟ್ ಮಾತ್ರ. ಮಾಸ್ತರಿಕೆ ಸೀಟಿಯ ಜೊತೆ ಅವರ ಕೊರಳಲ್ಲೇ ಉಳಿಯಿತು. ನಾನು ತುಟಿ ಒಡೆದುಕೊಂಡು ಊದಬೇಕು, ಅಮ್ಮ ಆ ತುಟಿಗೆ ತುಪ್ಪ ಹಚ್ಚಬೇಕು, ಅಬ್ಬಾ ಮುಂದೆ ನಡೆಯುತ್ತ ಯಾವಾಗ ಬೇಕೋ ಆವಾಗ ನನ್ನ ಬಾಯಿ ಮುಚ್ಚಿಸಬೇಕು. ನಾನು ಕಣ್ಣು ಮುಚ್ಚಿ ಊದಿದರೆ ಅವರು ಹಿಂದೆ ಸರಿದು ಬಂದು ಬೆನ್ನಿಗೆ ಗುದ್ದುತ್ತಿದ್ದರು. ಊದುವವನು ಹಾಡು ನೋಡಬಾರದು, ದಾರಿ ನೋಡಬೇಕು ಎಂಬುದು ಅವರ ಪಾಠ. ಈ ಪಾಠವನ್ನು ನನಗಿಂತ ಚೆನ್ನಾಗಿ ಕಲಿತವರು ಪಕ್ಕದ ಮನೆಯ ಫಕೀರಪ್ಪ ಕಾಕಾ. ಅವರು ಮಗ್ಗದ ನೇಕಾರರು, ಮದುವೆ ದಿನ ಕ್ಲಾರ್ನೆಟ್ ಹಿಡಿಯುವವರು. ನಮ್ಮ ಪಡಸಾಲೆಯಲ್ಲಿ ಕೂತು ತಾಲೀಮು ಮಾಡುವಾಗಲೂ ಅವರ ಕಣ್ಣು ಬಾಗಿಲಾಚೆಯ ಓಣಿಯ ಮೇಲೆಯೇ ಇರುತ್ತಿತ್ತು. ಅಲ್ಲಿ ಒಂದು ಎಮ್ಮೆ ಅಡ್ಡ ಬಂದರೂ ಕ್ಲಾರ್ನೆಟ್ ನಿಂತುಬಿಡುತ್ತಿತ್ತು.

ಗದಗ ಸ್ಟೇಷನ್ನಿನ ಹತ್ತಿರ ಪಿಂಟೋ ಸಾಹೇಬರೆಂಬ ನಿವೃತ್ತ ರೈಲ್ವೆ ಗಾರ್ಡ್ ಇದ್ದರು. ಗೋವೆಯ ಕಡೆಯವರು, ಒಂದು ಕಾಲಕ್ಕೆ ಹುಬ್ಬಳ್ಳಿಯಲ್ಲಿ ರೈಲ್ವೆಯವರ ಕುಣಿತದ ಪಾರ್ಟಿಗಳಲ್ಲಿ ಟ್ರಂಪೆಟ್ ಊದಿದ್ದರಂತೆ. ನನ್ನ ಟ್ರಂಪೆಟ್ಟಿನ ಗುಂಡಿಯೊಂದು ಸಿಕ್ಕಿಕೊಂಡು ಏಳದಾದಾಗ ಅಬ್ಬಾನೇ ನನ್ನನ್ನು ಅವರ ಬಳಿ ಕಳಿಸಿದರು. ಗುಂಡಿಗೆ ಎಣ್ಣೆ ಬಿಟ್ಟು ಒರೆಸುತ್ತ ಸಾಹೇಬರು ಗ್ರಾಮೊಫೋನಿನ ಒಂದು ತಟ್ಟೆ ಹಚ್ಚಿದರು. ಯಾವನೋ ದೂರದೇಶದವನು ಊದುತ್ತಿದ್ದ. ಮೊದಲು ಸೀದಾ ಒಂದು ಧಾಟಿ ಹಿಡಿದ. ಆಮೇಲೆ ಅದನ್ನು ಬಿಟ್ಟು ಮನಬಂದಂತೆ ಅಲೆಯತೊಡಗಿದ. ಅಲೆದು ಅಲೆದು, ಇನ್ನು ಇವನು ತಪ್ಪಿಹೋದ ಅನ್ನುವಾಗ ಮೆಲ್ಲಗೆ ಹೊರಳಿ ಬಂದು, ಎರಡೇ ಸಾಲಿನಲ್ಲಿ ಹಾಡನ್ನು ಬಾಗಿಲು ಹಾಕಿದಂತೆ ಮುಗಿಸಿದ. ಅವನ ಅಲೆದಾಟಕ್ಕೆ ನಾನು ಬೆರಗಾಗಲಿಲ್ಲ. ಬೀದಿಯಲ್ಲಿ ಊದುವ ನಮಗೆ ಅಲೆದಾಟ ಹೊಸದೇ? ಬೆರಗಾದದ್ದು ಆ ಮುಗಿಸಿದ ರೀತಿಗೆ. ಯಾರೂ ಅವನನ್ನು ನಿಲ್ಲಿಸಿರಲಿಲ್ಲ. ತಾನಾಗಿ ನಿಂತಿದ್ದ. ಇದಕ್ಕೆ ಜಾಝ್ ಅನ್ನುತ್ತಾರೆ ಎಂದರು ಸಾಹೇಬರು. ಆ ಮೇಲೆ ವಾರವಾರವೂ ಹೋಗಿ ಕೂತೆ, ಕಲಿತೆ. ಒಮ್ಮೆ ನಾನು ಊದಿದ್ದನ್ನು ಪೂರ್ತಿ ಕೇಳಿ ಅವರು ನಕ್ಕರು.

"ಊದೂದು ಚಲೋ ಊದ್ತಿ. ಆದ್ರ ನಿನ್ನ ಗಾಡಿ ಸ್ಟೇಷನ್ನಿಗೆ ಬರೂದ ಇಲ್ಲಲಾ! ಔಟರ್ ಸಿಗ್ನಲ್‌ನ್ಯಾಗ ನಿಂತಬಿಡತೈತಿ."

ನಾನು ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದ ಅಮ್ಮನಿಗೆ ಹೇಳಿದೆ, ಇನ್ನು ಮೇಲೆ ನಾನು ಜಾಝ್ ಮಾಡುತ್ತೇನೆ ಅಂತ. ಒಲೆಯ ಹೊಗೆ, ಪಕ್ಕದ ಮನೆಯ ಮಗ್ಗಗಳ ಸದ್ದು. ಅಮ್ಮನ ಕಿವಿಗೆ ಬಿದ್ದದ್ದು ಜಹಾಜ್. ಮಗ ಜಹಾಜು ಹತ್ತಿ ದುಬೈಗೆ ಹೊರಟ ಅಂತ ಅವಳು ಅಲ್ಲೇ ಕೂತು ಅತ್ತಳು. ಸಂಜೆಯೊಳಗೆ ಓಣಿಗೆಲ್ಲ ಖಬರ ಹೋಯಿತು. ಕಂಡಕಂಡವರು ಜಹಾಜು ಯಾವಾಗ ಬಿಡುತ್ತದೆಂದು ಕೇಳುವವರೇ. ಅದು ಹಡಗಲ್ಲ, ಒಂದು ಬಗೆಯ ಸಂಗೀತ ಎಂದು ತಿಳಿಸಿ ಹೇಳಿ ನಾನು ಸುಸ್ತಾದೆ. ಅಬ್ಬಾ ಮಾತ್ರ ಕಿವಿಗೊಟ್ಟು ಕೇಳಿ, ಮಧ್ಯೆ ಮನಬಂದಂತೆ ಊದುವುದೆಂದರೆ ಏನೆಂದು ಎರಡೆರಡು ಸಲ ಕೇಳಿದರು.

"ಅಂದ್ರ ಹಾಡು ಮರತಾಗ ನಮ್ಮ ಹುಸೇನಿ ಡೋಲು ಬಡೀತಾನಲ್ಲ, ಹಂಗ?"

ಕ್ಯಾಸೆಟ್ಟಿನ ಮಾತು ತೆಗೆದವನು ವೀರಣ್ಣ. ಗದಗದ ಪ್ಯಾಟಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಮೈಕ್ ಸೆಟ್ಟಿನವರೆಲ್ಲ ಅವನ ಗಿರಾಕಿಗಳು. ಮದುವೆ ಮನೆಗಳಲ್ಲಿ ಹಚ್ಚಲು ಬ್ಯಾಂಡಿನ ಕ್ಯಾಸೆಟ್ಟಿಗೆ ಬೇಡಿಕೆ ಇದೆ, ನಿಮ್ಮದೊಂದು ಮಾಡೋಣ ಎಂದ. ಮೇಲೆ ಹೆಸರು ಮಾತ್ರ ಗೌಸ್‌ದು, ಅಂದರೆ ನನ್ನದು, ಇರಲಿ. ಹೊಸ ಹುಡುಗ, ಫೋಟೋ ಚೆನ್ನಾಗಿ ಬರುತ್ತದೆ ಎಂದ. ನಾನು ಒಂದೇ ಕರಾರು ಹಾಕಿದೆ: ಕೊನೆಯಲ್ಲಿ ನನ್ನ ಸ್ವಂತದ ಒಂದು ಹಾಡು ಇರಬೇಕು. ಅದನ್ನು ನಾನು ಆಗಲೇ ಕಟ್ಟಿಟ್ಟಿದ್ದೆ. ಮಗ್ಗದ ಖಟಕ್ ಖಟ್ ಅದರ ತಾಳ, ಮೊದಲಿಗೆ ಒಂದು ಧಾಟಿ, ನಡುವೆ ನನ್ನ ಅಲೆದಾಟ, ಕಡೆಗೆ ಹೊರಳಿ ಬಂದು ಮುಗಿಸುವ ಎರಡು ಸಾಲು. ಆ ಎರಡು ಸಾಲಿಗಾಗಿಯೇ ಉಳಿದ ಹಾಡನ್ನೆಲ್ಲ ಕಟ್ಟಿದ್ದೆ ಎಂದರೂ ಸರಿ. ಮಾಳಿಗೆಯ ಮೇಲೆ ಒಬ್ಬನೇ ಊದಿ ಊದಿ ಅವನ್ನು ಹದಕ್ಕೆ ತಂದಿದ್ದೆ. ಜೀವನದಲ್ಲಿ ಒಂದೇ ಒಂದು ಹಾಡು, ಯಾರೂ ಕೈ ಎತ್ತದೆ, ಯಾರೂ ಸೀಟಿ ಊದದೆ, ತಾನಾಗಿ ಮುಗಿಯಬೇಕು. ಅದು ನನ್ನ ಹೆಸರಿನಲ್ಲಿ ಮುಗಿಯಬೇಕು. ನನಗೆ ಬೇಕಾದದ್ದು ಇಷ್ಟೇ.

ಊಟಕ್ಕೆ ಕೂತಾಗ ವಿಷಯ ತೆಗೆದೆ. ಪುಂಡಿಪಲ್ಯದ ಮೇಲೆ ಎಣ್ಣೆ ಬಿಡುತ್ತಿದ್ದ ಅಮ್ಮನ ಕೈ ತಡೆಯಿತು. ಅಬ್ಬಾ ರೊಟ್ಟಿ ಮುರಿಯುವುದನ್ನು ಬಿಡಲಿಲ್ಲ.

"ಹೆಸರು ನಿಂದ ಹಾಕ್ಕೋ. ಫೋಟೋನೂ ನಿಂದ ಹಾಕ್ಕೋ. ಕ್ಯಾಸೆಟ್ಟಿಗೆ ಸೀಟಿ ಯಾರು ಊದ್ತಾರ?"

"ಕ್ಯಾಸೆಟ್ಟಿಗೆ ಸೀಟಿ ಯಾಕ ಬೇಕ್ರಿ ಅಬ್ಬಾ? ಅಲ್ಲೇನು ಮಸೂತಿ ಬರತೈತೋ, ಕುದುರಿ ಬರತೈತೋ?"

"ಹಂಗಾರ ನಿಲ್ಲಸಾವ್ರು ಯಾರು?"

"ಹಾಡು ಮುಗದಮ್ಯಾಲೆ ತಾನ ನಿಲ್ಲತೈತ್ರಿ."

"ಆತು ಬಿಡು. ಜಹಾಜಿನ ಮಾಸ್ತರು ನೀವು, ನಮಗೇನ್ ತಿಳಿತೈತಿ."

ಮುದುಕನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಅವರು ಕೇಳಿದ್ದು ನೆಟ್ಟಗಿನ ಪ್ರಶ್ನೆಯೆಂದು ಆಗ ನನಗೆ ಹೊಳೆಯಲೇ ಇಲ್ಲ. ರೆಕಾರ್ಡಿಂಗಿಗೆ ವೀರಣ್ಣನ ಹತ್ತಿರ ಬೇರೆ ಕೋಣೆ ಎಲ್ಲಿತ್ತು? ಇದ್ದದ್ದು ಒಂದು ದೊಡ್ಡ ಟೂ-ಇನ್-ವನ್ ಟೇಪ್ ರೆಕಾರ್ಡರ್, ಎರಡು ಮೈಕು. ನಮ್ಮ ಪಡಸಾಲೆಯಲ್ಲೇ ಆಗಬೇಕು. ಆದರೆ ಓಣಿಯ ತುಂಬ ಮಗ್ಗಗಳ ಸದ್ದು. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ, ಆ ದಿನ ಮದುವೆಯೂ ಇರುವುದಿಲ್ಲ. ಹಾಗಾಗಿ ಅಮಾವಾಸ್ಯೆಯೇ ಗೊತ್ತಾಯಿತು. ಗೋಡೆಗೆಲ್ಲ ಕೌದಿ ಕಟ್ಟಿ, ಅಮ್ಮನ ಕೋಳಿಗಳನ್ನು ಹಿತ್ತಲಿಗೆ ಅಟ್ಟಿ, ಮುಂಬಾಗಿಲು ಮುಚ್ಚಿದೆವು. ಅಬ್ಬಾ ಒಳಗೆ ಬರಲಿಲ್ಲ. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಹೊರಗೆ ಕಟ್ಟೆಯ ಮೇಲೆ ಕೂತರು. ಬೇಡವೆಂದವರಿಗೆ ಕೋಟು ಯಾಕೆ ಎಂದು ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಮೊದಲ ಹಾಡು ಮದುವೆಯಲ್ಲಿ ಎಲ್ಲರೂ ಕೇಳುವಂಥದು. ಚೆನ್ನಾಗೇ ಬಂತು. ಕಡೆಯ ಸಾಲಿಗೆ ಬಂದು ನಾನು ಟ್ರಂಪೆಟ್ ಇಳಿಸಿದೆ. ಫಕೀರಪ್ಪ ಕಾಕಾ ಏನೂ ಆಗಿಲ್ಲವೆಂಬಂತೆ ಮತ್ತೆ ಮೊದಲಿನಿಂದ ಎತ್ತಿಕೊಂಡರು. ಡೋಲಿನ ಹುಸೇನಿ ಇನ್ನೂ ಹುರುಪಿನಿಂದ ಬಡಿಯತೊಡಗಿದ. ವೀರಣ್ಣ ಯಂತ್ರ ಆರಿಸಿದ. ಇನ್ನೊಮ್ಮೆ ಊದಿದೆವು. ಈ ಸಲ ಕಾಕಾ ನಿಂತರು, ಡೋಲು ನಿಲ್ಲಲಿಲ್ಲ. ಮತ್ತೊಮ್ಮೆ ಊದಿದಾಗ ಡೋಲು ನಿಂತಿತು, ಹಿಂದಿನ ದೊಡ್ಡ ಬಾಜಾದವನು ಒಬ್ಬನೇ ಭೋಂ ಭೋಂ ಎಂದು ಮುಂದಿನ ಊರಿಗೆ ಹೊರಟಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಕಾಕಾ, ಎರಡನೇ ಸಲ ಆದಮ್ಯಾಲೆ ನಿಲ್ಲಸ್ರಿ ಅಂದಿದ್ನಲ್ರಿ!"

"ಎಲ್ಲಿ ನಿಲ್ಲಸೂದು ತಮ್ಮಾ? ಅಲ್ಲೇನೈತಿ?"

"ಏನೂ ಇಲ್ರಿ. ಅಲ್ಲಿ ಹಾಡು ಮುಗೀತೈತಿ."

"ಯಾಕ, ಮಂದಿ ಸಾಕಂದ್ರನು?"

ಅವರು ಚೇಷ್ಟೆಗೆ ಕೇಳಿರಲಿಲ್ಲ. ಅವರ ಕಣ್ಣು ಮುಚ್ಚಿದ ಬಾಗಿಲಿನ ಮೇಲಿತ್ತು, ಅಲ್ಲಿ ಓಣಿ ಕಾಣದೆ ಕಂಗಾಲಾಗಿದ್ದರು. ನಾನು ಅವರ ಕಸುಬಿನಿಂದಲೇ ತಿಳಿಸಿ ಹೇಳಲು ಹೋದೆ. ಸೀರೆ ನೇಯುತ್ತೀರಿ, ಸೆರಗು ಬಂತೆಂದರೆ ಸೀರೆ ಮುಗಿದಂತಲ್ಲವೇ, ಹಾಡೂ ಹಾಗೇ ಎಂದೆ.

"ಸೀರಿ ಎಲ್ಲಿ ಮುಗೀತೈತೋ ಹುಚ್ಚಪ್ಪಾ? ಮಗ್ಗದ ಮ್ಯಾಲೆ ಹಾಸಿನ ನೂಲು ಒಂದ ಇರತೈತಿ. ಒಂದು ಸೀರಿಯ ಬೆನ್ನಿಗೆ ಮುಂದಿನ ಸೀರಿ ಬಂದಿರತೈತಿ. ನಾ ನೇಯಾವ. ಕತ್ತರಸೂದು ಬ್ಯಾರೆ ಕೆಲಸ."

 ವೀರಣ್ಣ, ಆ ಹಾಡುಗಳನ್ನು ಆಮೇಲೆ ನೋಡೋಣ, ನಿನ್ನದೇ ಒಂದು ಇದೆಯಲ್ಲ, ಅದನ್ನು ಊದು ಎಂದ. ಮಗ್ಗದ ತಾಳ ಹುಸೇನಿಗೆ ಸಲೀಸಾಗಿ ಕೂತಿತು. ಧಾಟಿ ಹಿಡಿದೆ. ಬಿಟ್ಟು ಅಲೆಯಲು ಹೊರಟೆ. ಒಂದೆರಡು ಸುತ್ತು ಹಾಕಿದ್ದೆನೋ ಇಲ್ಲವೋ, ಫಕೀರಪ್ಪ ಕಾಕಾ ಹುಡುಗ ದಾರಿ ತಪ್ಪಿದ ಎಂದುಕೊಂಡು, ಕರುಣೆಯಿಂದ, ಮೊದಲಿನ ಧಾಟಿಯನ್ನು ಗಟ್ಟಿಯಾಗಿ ಊದಿ ನನ್ನನ್ನು ಹೊರಳಿ ಕರೆತಂದರು. ಡೋಲೂ ಅವರ ಕಡೆಗೇ ವಾಲಿತು. ಮತ್ತೆ ಹೊರಟೆ, ಮತ್ತೆ ಕೈಹಿಡಿದು ಕರೆತಂದರು. ಮಾಳಿಗೆಯ ಮೇಲೆ ಒಬ್ಬನೇ ಇದ್ದಾಗ ಅಷ್ಟು ಸಲೀಸಾಗಿ ಬರುತ್ತಿದ್ದ ಆ ಎರಡು ಸಾಲು, ಬೆನ್ನ ಹಿಂದೆ ಇಡೀ ಬ್ಯಾಂಡು ನೂಕುತ್ತಿರುವಾಗ ಬರಲೊಲ್ಲವು. ಈ ಸಲ ಮುಗಿಸಿಯೇ ತೀರುತ್ತೇನೆಂದು ಹಲ್ಲು ಕಚ್ಚಿದೆ. ಆದರೆ ನನ್ನ ಬೆರಳುಗಳೂ ಅಬ್ಬಾನ ಬ್ಯಾಂಡಿನಲ್ಲೇ ಬೆಳೆದವು. ಕೊನೆಯ ಹೊಸ್ತಿಲಿಗೆ ಬಂದದ್ದೇ ತಡ, ತಾವಾಗಿ ಮೊದಲಿನ ಧಾಟಿಗೆ ಹೊರಳಿಬಿಟ್ಟವು. ನಾವು ತಿರುಗುತ್ತಲೇ ಇದ್ದೆವು. ಬೆವರು ಕಣ್ಣಿಗಿಳಿದು, ತುಟಿ ಒಡೆದು, ನಿಲ್ಲಿಸಲೂ ಆಗದೆ, ಮುಗಿಸಲೂ ಆಗದೆ, ನಾನು ಅಳುವ ಹಂತಕ್ಕೆ ಬಂದಿದ್ದೆ. ವೀರಣ್ಣ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಆಗ ಹೊರಗಿನಿಂದ ಒಂದು ಸೀಟಿ ಕೂಗಿತು.

ಚಾಕುವಿನಿಂದ ಕೊಯ್ದಂತೆ ಬ್ಯಾಂಡು ನಿಂತಿತು. ಒಂದು ಬಾಜಾ, ಒಂದು ತೊಗಲು ಮಿಡುಕಲಿಲ್ಲ. ಆ ಮನೆಯಲ್ಲಿ ಅಷ್ಟು ಚೊಕ್ಕವಾದ ನಿಶ್ಶಬ್ದವನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಅಬ್ಬಾ ಬಾಗಿಲು ತಳ್ಳಿ ಒಳಗೆ ಬಂದರು. ಸೀಟಿ ಇನ್ನೂ ತುಟಿಯಲ್ಲೇ ಇತ್ತು.

"ಕೇಳಾಕ ಆಗವಲ್ದು. ಹುಡುಗ ಸಾಯ್ತೈತಿ."

ವೀರಣ್ಣ ರೀಲು ಹಿಂದೆ ಸುತ್ತಿ ಕೇಳಿದ. ಅವನ ಮುಖ ಅರಳಿತು.

"ಮಾಸ್ತರ, ಹಿಂಗ ಇರಲ್ರಿ! ಒಳಗ ಕುಂಡ್ರಿ. ಎಲ್ಲಾ ಹಾಡಿಗೂ ನೀವ ಊದಬೇಕು."

ಅಬ್ಬಾ ಒಳಗೆ ಕೂತರು. ಹೊತ್ತು ಮುಳುಗುವುದರೊಳಗೆ ಕ್ಯಾಸೆಟ್ಟಿನ ಎರಡೂ ಬದಿ ತುಂಬಿತು. ಪ್ರತಿ ಹಾಡೂ ಒಂದು ಸೀಟಿಗೆ ಕಡಿದು ಬೀಳುತ್ತದೆ. ನನ್ನ ಹಾಡಂತೂ ಕೊನೆಯ ಎರಡು ಸಾಲಿಲ್ಲದೆ ಹಾಗೇ ಹೋಯಿತು, ಇನ್ನೊಮ್ಮೆ ಊದಲು ತುಟಿಯೂ ಇರಲಿಲ್ಲ, ವೀರಣ್ಣನಿಗೆ ಸಹನೆಯೂ ಇರಲಿಲ್ಲ. ಅಚ್ಚಾಗಿ ಬಂದ ಹೊದಿಕೆ ನೋಡಿ ನನಗೆ ಉಳಿದ ಅರ್ಧ ಜೀವವೂ ಹೋಯಿತು. ನನ್ನ ಸಂಗೀತಕ್ಕೆ ಏನನ್ನುತ್ತಾರೆಂದು ವೀರಣ್ಣ ಅಮ್ಮನಿಂದ ವಿಚಾರಿಸಿಕೊಂಡಿದ್ದನಂತೆ, ಪುಣ್ಯಾತ್ಮ. ನನ್ನ ಫೋಟೋದ ಹಿಂದೆ ನೀಲಿ ಸಮುದ್ರ, ಹೊಗೆ ಬಿಡುವ ಹಡಗು. ಮೇಲೆ ದಪ್ಪ ಅಕ್ಷರದಲ್ಲಿ ಜಹಾಜ್ ಬ್ಯಾಂಡ್. ಸಮುದ್ರವನ್ನು ನಾನು ಕಂಡೇ ಇರಲಿಲ್ಲ. ಅಮ್ಮ ಮಾತ್ರ ಒಂದು ಕ್ಯಾಸೆಟ್ಟನ್ನು ಹೊಸ ದುಪ್ಪಟಾದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಪಿಂಟೋ ಸಾಹೇಬರಿಗೆ ಒಂದು ಕೊಟ್ಟಾಗ ಅವರು ಕೊನೆಯವರೆಗೂ ಕೇಳಿ ಬೆರಳೆತ್ತಿದರು: ಗಾರ್ಡ್ ಸೀಟಿ ಸರಿಯಾಗಿದೆ, ಗಾಡಿ ಮಾತ್ರ ಬರಲಿಲ್ಲ. ಕ್ಯಾಸೆಟ್ಟು ಚೆನ್ನಾಗಿ ಹೋಯಿತು. ಹುಲಕೋಟಿಯಿಂದ ಮುಂಡರಗಿಯವರೆಗೆ ಹಂದರ ಹಂದರದಲ್ಲಿ ಅದೇ. ಎಲ್ಲರೂ ಹೊಗಳಿದ್ದು ಸೀಟಿಯನ್ನು. ನಿಜವಾದ ಮೆರವಣಿಗೆಯೇ ಬಂದಂತಾಗುತ್ತದೆ ಅನ್ನುವರು.

ಅಬ್ಬಾ ತೀರಿಕೊಂಡದ್ದು ಅದರ ಮುಂದಿನ ಬೇಸಿಗೆ ಕಳೆದ ಮೇಲೆ. ಅವರ ಕೋಟನ್ನು ಅಮ್ಮ ಯಾರಿಗೂ ಕೊಡಲಿಲ್ಲ. ಸೀಟಿಯನ್ನು ನಾನು ಪಡಸಾಲೆಯ ಗೂಟಕ್ಕೆ ಹಾಕಿದೆ, ಕೊರಳಿಗೆ ಹಾಕಿಕೊಳ್ಳಲಿಲ್ಲ. ಈಗ ಮಾಸ್ತರು ನಾನು, ಸೀಟಿಯಿಲ್ಲದ ಮಾಸ್ತರು. ಆಷಾಢದಲ್ಲಿ ಮದುವೆಗಳಿಲ್ಲ. ಆ ಖಾಲಿ ದಿನಗಳಲ್ಲೆಲ್ಲ ಬ್ಯಾಂಡನ್ನು ಕೂರಿಸಿ ಒಂದೇ ಪಾಠ ಮಾಡಿದೆ: ನನ್ನ ಹಾಡು, ಅದರ ಕೊನೆ. ಫಕೀರಪ್ಪ ಕಾಕಾ ಓಣಿ ಬಿಟ್ಟು ನನ್ನ ಮುಖ ನೋಡುವುದನ್ನು ಕಲಿಯಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಕಡೆಗೂ ಕಲಿತರು. ನಾನು ಅಲೆಯಲು ಹೋದರೆ ಬಿಟ್ಟುಕೊಡುವುದನ್ನೂ ಕಲಿತರು.

ಆಷಾಢ ಕಳೆದ ಮೇಲಿನ ಮೊದಲ ಮದುವೆ ಲಕ್ಷ್ಮೇಶ್ವರದಲ್ಲಿ. ಬಿಸಿಲು ಇಳಿದಿತ್ತು, ದಾರಿ ಖಾಲಿ ಇತ್ತು, ಕುದುರೆ ಸಾಧು. ಇಂಥ ದಾರಿ ನಮಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹಂದರ ಇನ್ನು ನೂರು ಮಾರು ಇದೆ ಅನ್ನುವಾಗ ನನ್ನ ಹಾಡು ಎತ್ತಿದೆ. ಅಲೆದೆ, ಯಾರೂ ಎಳೆಯಲಿಲ್ಲ. ಹೊರಳಿದೆ. ಎಲ್ಲರ ಕಣ್ಣೂ ನನ್ನ ಮೇಲೆ. ಡೋಲು ತಗ್ಗಿತು. ಎರಡು ಸಾಲು, ಇನ್ನೆರಡೇ ಸಾಲು. ಉಸಿರು ತುಂಬಿಕೊಂಡೆ.

ಹಂದರದವರು, ನಾವೇ ಬರುತ್ತಿದ್ದೇವೆಂಬ ಅಭಿಮಾನಕ್ಕೆ, ಮೈಕಿನಲ್ಲಿ ನಮ್ಮದೇ ಕ್ಯಾಸೆಟ್ ಹಚ್ಚಿದ್ದರು. ನಮ್ಮ ಸದ್ದಿನಲ್ಲಿ ಅದು ನಮಗೆ ಕೇಳಿಯೇ ಇರಲಿಲ್ಲ. ಆದರೆ ಸೀಟಿ ಇರುವುದೇ ಎಲ್ಲ ಸದ್ದನ್ನೂ ಸೀಳಲಿಕ್ಕೆ. ಗಿಡಕ್ಕೆ ಕಟ್ಟಿದ ಮೈಕಿನ ಕರ್ಣದಿಂದ ಅಬ್ಬಾ ಒಮ್ಮೆ ಕೂಗಿದರು.

ಇಡೀ ಬ್ಯಾಂಡು ನಿಂತಿತು. ನಾನೂ ನಿಂತೆ. ತುಂಬಿಕೊಂಡ ಉಸಿರು ಎದೆಯಲ್ಲೇ ಉಳಿಯಿತು. ಸತ್ತ ಮೇಲೂ ಬಿಡಲಿಲ್ಲವಲ್ಲ ಮುದುಕ ಎಂದು ಮೈಯೆಲ್ಲ ಉರಿಯಿತು, ಆ ಉರಿಯಲ್ಲೇ ಕಣ್ಣು ತುಂಬಿ ದಾರಿ ಮಸುಕಾಯಿತು. ಬೀಗರ ಕಡೆಯ ಯಾರೋ ರೇಗಿದರು.

"ಯಾಕ್ರಿ ನಿಂತ್ರಿ? ಊದ್ರಿ!"

ಫಕೀರಪ್ಪ ಕಾಕಾ ಕ್ಲಾರ್ನೆಟ್ಟನ್ನು ಕಂಕುಳಲ್ಲಿಟ್ಟುಕೊಂಡು, ಮೂಗು ಒರೆಸಿಕೊಂಡು ಅವರಿಗೆ ಹೇಳಿದರು.

"ಮಾಸ್ತರು ನಿಲ್ಲಸಂದ್ರು. ನಿಲ್ಲಸಿದ್ವಿ."

ಊದಿರೆಂದು ನಾನು ಕೈ ಬೀಸಿದೆ. ಯಾರೂ ಬಾಜಾ ಎತ್ತಲಿಲ್ಲ. ಎಲ್ಲರೂ ಆ ಕರ್ಣದ ಕಡೆಗೇ ಮುಖ ಮಾಡಿ ಕಾಯುತ್ತಿದ್ದರು. ಎತ್ತಬೇಕೆಂದರೆ ಎರಡು ಸೀಟಿ ಬೇಕು, ಕ್ಯಾಸೆಟ್ಟಿನಲ್ಲಿ ಎರಡು ಸೀಟಿ ಎಲ್ಲೂ ಇರಲಿಲ್ಲ. ಅಕ್ಕಿಕಾಳಿನ ಹೊತ್ತು ಮೀರುತ್ತಿತ್ತು, ಹಿರಿಯರು ಹಂದರದಿಂದ ಕೈ ಮಾಡಿ ಕರೆಯುತ್ತಿದ್ದರು. ನಾನು ಟ್ರಂಪೆಟ್ಟನ್ನು ಎಡಗೈಗೆ ತೆಗೆದುಕೊಂಡು, ಬಲಗೈಯ ಎರಡು ಬೆರಳು ಬಾಯಿಗಿಟ್ಟು, ಎರಡು ಸಲ ಸೀಟಿ ಹೊಡೆದೆ. ಎರಡು ಸೀಟಿಯೆಂದರೆ ಹೊಸ ಹಾಡು. ಅವರು ಹೊಸ ಹಾಡು ಎತ್ತಿದರು.